ಎರಿ ಮಣ್ಣು ಬಿರಿದಾಗ ಜುಮ್ಮೆನ್ನುವ ಕಂಪ್ಯೂಟರ್

ಹೋದ ವಾರ ಮಾತು ಕೊಟ್ಟಂತೆ ಇವತ್ತು ಮೈಯಲ್ಲಿ ಕೂಡುವ ಸ್ಥಿರ ವಿದ್ಯುತ್ತನ್ನು ನೆಲಕ್ಕಿಳಿಸುವ ಮಣಿಕಟ್ಟಿನ ಪಟ್ಟಿ, ರಿಸ್ಟ್ ಸ್ಟ್ರ್ಯಾಪ್ ಬಗ್ಗೆ ಬರೆಯಬೇಕಿತ್ತು. ಈ ಒಣ ಬಿಸಿಲಿನಲ್ಲಿ ಟೆರಿಕಾಟ್ ಅಂಗಿ ತೊಟ್ಟು ಮದರ್‌ಬೋರ್ಡ್ ಮುಟ್ಟಿದರೆ ಏನಾಗುತ್ತದೆ, ಬೆರಳಿಗೆ ಚಟ್ಟೆಂದು ತಿಳಿಯಲು ಸುಮಾರು 3000 ವೋಲ್ಟ್ ಬೇಕಾದರೂ ಕೆಲವು ಚಿಪ್ ಸಾಯಲು 100 ಹೇಗೆ ಸಾಕು, ಪಟ್ಟಿಯ ತಂತಿಯಲ್ಲಿ ಒಂದು ಮೆಗಾಓಮ್ ರೆಸಿಸ್ಟರ್ ಯಾಕೆ ಕೂತಿರುತ್ತದೆ, ಇಷ್ಟನ್ನೂ ಟಿಪ್ಪಣಿ ಮಾಡಿಟ್ಟಿದ್ದೆ. ಅಷ್ಟರಲ್ಲಿ ಅಣ್ಣಿಗೇರಿ-ನವಲಗುಂದ ನಡುವಿನ ಒಂದು ಊರಿನಿಂದ ಫೋನ್ ಬಂತು.

“ಸರ, ಸಿಪಿಯು ಮುಟ್ಟಿದ್ರ ಜುಂ ಅಂತೈತ್ರಿ. ನಿನ್ನೆ ಅರ್ಜಿ ತುಂಬಸಾಕ ಬಂದಿದ್ದ ಆಯಿ ಟೇಬಲ್ ಹಿಡಕೊಂಡು ನಿಂತಾಕಿ ಒಮ್ಮೆಲೆ ಚೀರಿಬಿಟ್ಳು.”

ರಿಸ್ಟ್ ಸ್ಟ್ರ್ಯಾಪ್ ಚಿಪ್ಪಿನ ಜೀವ ಉಳಿಸುವ ಸಾಮಾನು. ಇಲ್ಲಿ ಮನುಷ್ಯರ ಜೀವದ ಪ್ರಶ್ನೆ ಇತ್ತು. ಟಿಪ್ಪಣಿ ಬದಿಗಿಟ್ಟು ಹೊರಟೆ.

ಅದೊಂದು ಜೆರಾಕ್ಸ್ ಅಂಗಡಿ. ಶಾಬಾದ್ ಫರ್ಸಿಯ ನೆಲ, ಆಗಷ್ಟೇ ನೀರು ಹಾಕಿ ಒರೆಸಿದ್ದರು. ಕಬ್ಬಿಣದ ಟೇಬಲ್ಲಿನ ಮೇಲೆ ಮೂರು ಕಂಪ್ಯೂಟರು, ಒಂದು ಪ್ರಿಂಟರು. ಎಲ್ಲಕ್ಕೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡು. ಬೋರ್ಡಿನ ಪ್ಲಗ್ ಎಳೆದು ನೋಡಿದರೆ ಮೇಲಿನ ದಪ್ಪ ಪಿನ್ನೇ ಇಲ್ಲ. ಬುಡಕ್ಕೇ ಕತ್ತರಿಸಿ ಒಗೆದಿದ್ದಾರೆ.

“ಮೊದಲ ರಿಪೇರಿಗೆ ಬಂದವ್ರು ಪ್ಲಗ್ ತಿರುವಿ ಹಾಕಿದ್ರ ಜುಂ ಅನ್ನೂದು ನಿಲ್ಲತೈತಿ ಅಂದ್ರು. ಮೂರ್ ಪಿನ್ನಿಂದು ತಿರುವಿ ಹಾಕಾಕ ಬರೂದಿಲ್ಲಲ್ರಿ, ಅದಕ್ಕ ಕಡದ್ರು.”

ಪ್ಲಗ್ ತಿರುವುವವರ ಜೊತೆ ನನ್ನ ಜಗಳ ಹಳೆಯದು, ಈ ಅಂಕಣದ ಓದುಗರಿಗೆ ಗೊತ್ತಿದ್ದದ್ದೇ. ಆದರೂ ಅವರ ಮಾತಿಗೊಂದು ಬೇರು ಇದೆ ಎಂಬುದನ್ನು ಒಪ್ಪಿಕೊಳ್ಳಬೇಕು. 1950ರ ಜನವರಿಯಲ್ಲಿ ಧಾರವಾಡ ಆಕಾಶವಾಣಿ ಶುರುವಾಯಿತು. ಕರೆಂಟ್ ಇದ್ದ ಮನೆಗಳ ವಾಲ್ವ್ ರೇಡಿಯೋಗಳಲ್ಲಿ ಎಸಿ-ಡಿಸಿ ಸೆಟ್ ಅನ್ನುವ ಒಂದು ಜಾತಿ ಇತ್ತು. ಅದರೊಳಗೆ ಪವರ್ ಟ್ರಾನ್ಸ್‌ಫಾರ್ಮರ್ ಇರುತ್ತಿರಲಿಲ್ಲ. ಗೋಡೆಯಿಂದ ಬಂದ ಎರಡು ತಂತಿಗಳಲ್ಲಿ ಒಂದು ನೇರವಾಗಿ ಚಾಸಿಗೇ ಸೇರುತ್ತಿತ್ತು. ಫೇಸ್ ತಂತಿ ಚಾಸಿಗೆ ಬಿದ್ದರೆ ತಿರುಗಣಿಯ ಸ್ಕ್ರೂ ಮುಟ್ಟಿದವನಿಗೆ ಹೊಡೆತ. ಪ್ಲಗ್ ತಿರುವಿದರೆ ನ್ಯೂಟ್ರಲ್ ಬಂದು ಸೆಟ್ಟು ತಣ್ಣಗಾಗುತ್ತಿತ್ತು. ಆ ಕಾಲಕ್ಕೆ ಅದು ಕೆಲಸಕ್ಕೆ ಬಂದ ಉಪಾಯ. ಉಸ್ತಾದನಿಂದ ಶಿಷ್ಯನಿಗೆ ದಾಟುತ್ತ ಬಂದು, ರೇಡಿಯೋ ಹೋದರೂ ಮಾತು ಉಳಿಯಿತು.

ಕಂಪ್ಯೂಟರಿನ ಎಸ್‌ಎಂಪಿಎಸ್, ಅಂದರೆ ಅದಕ್ಕೆ ಕರೆಂಟ್ ಒದಗಿಸುವ ಡಬ್ಬಿ, ಬೇರೆ ಸಂಗತಿ. ಅದರ ಬಾಗಿಲಲ್ಲೇ ನೀಲಿ ಬಣ್ಣದ ಎರಡು ಸಣ್ಣ ಕೆಪಾಸಿಟರ್ ಕೂತಿರುತ್ತವೆ, ವೈ ಕೆಪಾಸಿಟರ್ ಅನ್ನುತ್ತೇವೆ. ಒಂದು ಫೇಸ್‌ನಿಂದ ಡಬ್ಬಿಯ ಮೈಗೆ, ಇನ್ನೊಂದು ನ್ಯೂಟ್ರಲ್‌ನಿಂದ ಮೈಗೆ. ಒಳಗಿನ ಗದ್ದಲವನ್ನು ಅರ್ಥಿಂಗ್ ತಂತಿಗೆ ಇಳಿಸಿಬಿಡುವುದು ಅವುಗಳ ಕೆಲಸ. ಅರ್ಥಿಂಗ್ ತಂತಿಯೇ ಇಲ್ಲದಿದ್ದರೆ ಇಳಿಯಲು ದಾರಿಯಿಲ್ಲ. ಡಬ್ಬಿಯ ಮೈ ಎರಡರ ನಡುವೆ ತೂಗಾಡುತ್ತ 230ರ ಅರ್ಧಕ್ಕೆ, ಸುಮಾರು 115 ವೋಲ್ಟಿಗೆ ನಿಲ್ಲುತ್ತದೆ. ಪ್ಲಗ್ ತಿರುವಿದರೂ ಅದೇ ಅರ್ಧ. ಒಂದು ಯಂತ್ರದಿಂದ ಸೋರುವುದು ಅರ್ಧ ಮಿಲಿಆಂಪ್‌ಗೂ ಕಡಿಮೆ, ನಿಜ. ಆದರೆ ಒಂದೇ ಬೋರ್ಡಿಗೆ ಕಟ್ಟಿದ ನಾಲ್ಕು ಯಂತ್ರಗಳ ಮೈಗಳು ಬೋರ್ಡಿನೊಳಗಿನ ಅರ್ಥಿಂಗ್ ಪಟ್ಟಿಯಿಂದ ಒಂದಾಗಿರುತ್ತವೆ, ಸೋರಿದ್ದೆಲ್ಲ ಕೂಡುತ್ತದೆ. ಕೂಡಿದ್ದು ಕಬ್ಬಿಣದ ಟೇಬಲ್ಲಿಗೆ ಬಂತು. ಹಸಿ ಫರ್ಸಿಯ ಮೇಲೆ ಬರಿಗಾಲಲ್ಲಿ ನಿಂತಿದ್ದ ಆಯಿಯ ಕೈಯಿಂದ ಕಾಲಿಗೆ ಇಳಿಯಿತು. ಆ ಕೆಪಾಸಿಟರ್‌ಗಳಲ್ಲಿ ಒಂದು ಶಾರ್ಟ್ ಆಗಿದ್ದರೆ ಚೀರುವುದಕ್ಕೂ ಸಮಯ ಸಿಗುತ್ತಿರಲಿಲ್ಲ.

ಅದನ್ನೇ ಪರೀಕ್ಷಿಸಲು ಒಂದು ಎಸ್‌ಎಂಪಿಎಸ್ ಬಿಚ್ಚಲು ಕೂತೆ. ಗೋಡೆಯ ಪ್ಲಗ್ ಕಿತ್ತ ಕೂಡಲೇ ಟೇಬಲ್ ಕೆಳಗಿನ ಯುಪಿಎಸ್ ಬೀಪ್ ಬೀಪ್ ಎಂದಿತು. ಲೈನ್ ಹೋದ ಮೇಲೂ ಅದರ ಹಿಂದಿನ ಸಾಕೆಟ್ಟಿನಲ್ಲಿ 230 ವೋಲ್ಟ್ ಜೀವಂತ ಇರುತ್ತದೆ ಎಂಬುದನ್ನು ಅಂಗಡಿಯವರಿಗೆ ಮೀಟರ್ ಹಿಡಿದೇ ತೋರಿಸಿದೆ. ಯುಪಿಎಸ್ ಆರಿಸಿ, ವೈರ್ ಕಿತ್ತು, ಡಬ್ಬಿ ತೆರೆದೆ. ಅವರು ಕುತೂಹಲದಿಂದ ಬಗ್ಗಿದರು. ಕೊರಳಲ್ಲಿನ ಬೆಳ್ಳಿ ಕರಡಿಗೆ ಬೋರ್ಡಿನ ಮೇಲೆ ಗೇಣು ದೂರದಲ್ಲಿ ತೂಗತೊಡಗಿತು. “ಕರಡಿಗಿ ಅಂಗಿ ಒಳಗ ಇಟ್ಕೋರಿ ಅಣ್ಣಾರ” ಎಂದೆ. ಅಲ್ಲಿನ ದೊಡ್ಡ ಕೆಪಾಸಿಟರಿನಲ್ಲಿ ಪ್ಲಗ್ ಕಿತ್ತ ಮೇಲೂ 325 ವೋಲ್ಟ್ ಡಿಸಿ ಕೂತಿರಬಹುದು. ನಮ್ಮ ಕಡೆ ಕರಡಿಗೆ, ಕಡಗ, ಉಂಗುರ ಇಲ್ಲದ ಕೈ-ಕೊರಳು ಅಪರೂಪ. ಕೆಲಸಕ್ಕೆ ಕೂಡುವ ಮುಂಚೆ ಕಡಗ-ಉಂಗುರ ತೆಗೆದಿಡಬೇಕು, ಕರಡಿಗೆ ಅಂಗಿಯೊಳಗೆ ಹೋಗಬೇಕು. ಆ ಕೆಪಾಸಿಟರನ್ನು ಸ್ಕ್ರೂಡ್ರೈವರಿನಿಂದ ಕಿಡಿ ಹಾರಿಸಿ ಖಾಲಿ ಮಾಡುವವರನ್ನೂ ನೋಡಿದ್ದೇನೆ. ಕಣ್ಣಿಗೆ ಕರಗಿದ ಲೋಹ ಸಿಡಿಯುವ ಕೆಲಸ ಅದು. ಕೆಲವು ಕಿಲೋಓಮಿನ ಐದು ವ್ಯಾಟ್ ರೆಸಿಸ್ಟರ್ ಹಿಡಿದು ಹತ್ತೆಣಿಸಿ, ಮೀಟರಿನಲ್ಲಿ ಸೊನ್ನೆ ನೋಡಿ ಕೈ ಹಾಕಬೇಕು.

ಇಂಥ ಹೊತ್ತಿಗೆಲ್ಲ ನನಗೆ ನೆನಪಾಗುವುದು ಪಿಕ್ಚರ್ ಟ್ಯೂಬ್ ಕಾಲದ ಒಂದು ಸರ್ವಿಸ್ ಮ್ಯಾನುಯಲ್. ಎಷ್ಟು ಸಲ ಓದಿದರೂ ಅದರ ಮೊದಲ ಪುಟದ ಮೇಲಿನ ಗೌರವ ಕಡಿಮೆಯಾಗಿಲ್ಲ. ಸರ್ಕಿಟ್ ನಕ್ಷೆಗೂ ಮುಂಚೆ ಬರುವ ಪುಟ ಅದು. ರಿಪೇರಿ ಮುಗಿಸಿ ಮುಚ್ಚಳ ಹಾಕಿದ ಮೇಲೆ ಸೆಟ್ಟನ್ನು ಮಾಲೀಕನಿಗೆ ಕೊಡುವ ಮುಂಚೆ ಮಾಡಬೇಕಾದ ಎರಡು ಪರೀಕ್ಷೆ ಅಲ್ಲಿವೆ. ಮೊದಲನೆಯದು ತಣ್ಣನೆಯದು: ಪ್ಲಗ್ ಕಿತ್ತು, ಅದರ ಎರಡು ಪಿನ್ ಜೋಡಿಸಿ, ಸ್ವಿಚ್ ಆನ್ ಇಟ್ಟು, ಹೊರಗೆ ಕೈಗೆ ಸಿಗುವ ಒಂದೊಂದು ಲೋಹಕ್ಕೂ, ಆಂಟೆನಾ ತುದಿಗೆ, ಸ್ಕ್ರೂ ತಲೆಗೆ, ಹಿಡಿಕೆಗೆ, ಓಮ್ ಮೀಟರ್ ಹಿಡಿದು ನೋಡುವುದು. ಎರಡನೆಯದು ಬಿಸಿಯದು: ಸೆಟ್ ಓಡುತ್ತಿರುವಾಗ 1500 ಓಮಿನ ರೆಸಿಸ್ಟರ್‌ಗೆ 0.15 ಮೈಕ್ರೋಫ್ಯಾರಡ್ ಕೆಪಾಸಿಟರ್ ಸಮಾನಾಂತರ ಕಟ್ಟಿ, ಆ ಲೋಹಕ್ಕೂ ಒಳ್ಳೆಯ ಅರ್ಥಿಂಗ್‌ಗೂ ನಡುವೆ ಇಡುವುದು. ಅದರ ಮೇಲೆ 0.75 ವೋಲ್ಟಿಗಿಂತ ಹೆಚ್ಚು ಬರಕೂಡದು, ಅಂದರೆ ಅರ್ಧ ಮಿಲಿಆಂಪ್. ಆ 1500 ಓಮ್ ಯಾರೆಂದರೆ ಸೆಟ್ಟನ್ನು ಮುಟ್ಟಲಿರುವ ಮನುಷ್ಯ. ಮನೆಯಲ್ಲಿ ಟಿವಿ ಒರೆಸುವ ಹೆಂಗಸು, ಗುಂಡಿ ತಿರುಗಿಸುವ ಮಗು. ರಿಪೇರಿಗಾರನ ಬೆಂಚಿನ ಮೇಲೆ ಅವರನ್ನು ಒಂದು ರೆಸಿಸ್ಟರಿನ ರೂಪದಲ್ಲಿ ತಂದು ಕೂಡಿಸಿ, ಇವರಿಗೆ ಏನೂ ಆಗಲಿಲ್ಲ ಎಂದಾದ ಮೇಲೆಯೇ ಕೆಲಸ ಮುಗಿದಂತೆ ಎನ್ನುವ ಪುಟ ಅದು. ಚಿತ್ರ ಬಂತು, ದುಡ್ಡು ಕೊಡ್ರಿ ಎನ್ನುವ ರಿಪೇರಿಗೂ ಇದಕ್ಕೂ ಎಷ್ಟು ಅಂತರ! ನಕ್ಷೆಯಲ್ಲಿ ತ್ರಿಕೋನದೊಳಗೆ ಉದ್ಗಾರ ಚಿಹ್ನೆ ಇರುವ ಭಾಗಗಳನ್ನು ಅದೇ ದರ್ಜೆಯ ಭಾಗದಿಂದಲೇ ಬದಲಿಸಬೇಕು ಎಂದೂ ಅಲ್ಲೇ ಇದೆ. ವೈ ಕೆಪಾಸಿಟರ್ ಇದ್ದ ಜಾಗಕ್ಕೆ ಡಬ್ಬಿಯಲ್ಲಿ ಸಿಕ್ಕ ಸಾದಾ ಸೆರಾಮಿಕ್ ಬೆಸುಗೆ ಹಾಕುವವರು ಈ ಸಾಲನ್ನು ಓದಿಲ್ಲ.

ಅಂಗಡಿಯ ಕೆಪಾಸಿಟರ್‌ಗಳು ಚೆನ್ನಾಗಿಯೇ ಇದ್ದವು. ಹೊಸ ಮೂರು ಪಿನ್ ಪ್ಲಗ್ ಹಾಕಿದೆ. ಮೀಟರ್ ಹಿಡಿದರೆ ಫೇಸ್‌ನಿಂದ ಅರ್ಥಿಂಗ್‌ಗೆ 230. ಅಂಗಡಿಯವರ ಮುಖ ಅರಳಿತು. ನನಗೆ ನಂಬಿಕೆ ಬರಲಿಲ್ಲ. ಡಿಜಿಟಲ್ ಮೀಟರ್ ಎಳೆಯುವ ಕರೆಂಟ್ ಎಷ್ಟು ಕಡಿಮೆಯೆಂದರೆ ಕೂದಲಿನಷ್ಟು ಸಂಪರ್ಕ ಇದ್ದರೂ ಅದು ಪೂರ್ತಿ ವೋಲ್ಟ್ ತೋರಿಸುತ್ತದೆ. ಎಲ್ಲ ಪ್ಲಗ್ ಕಿತ್ತು, ಯಾರೂ ಏನನ್ನೂ ಮುಟ್ಟಬೇಡಿ ಎಂದು ಹೇಳಿ, 100 ವ್ಯಾಟಿನ ತಂತಿ ಬಲ್ಬನ್ನು ಫೇಸ್‌ಗೂ ಅರ್ಥಿಂಗ್‌ಗೂ ನಡುವೆ ಹಚ್ಚಿದೆ. (ಈ ಎಚ್ಚರ ಬಿಡಬೇಡಿ: ಅರ್ಥಿಂಗ್ ಎಲ್ಲಾದರೂ ಕಡಿದಿದ್ದರೆ ಬಲ್ಬಿನ ಮೂಲಕ ಫೇಸ್ ಮನೆಯ ಎಲ್ಲ ಡಬ್ಬಿಗಳ ಮೈಗೆ ಹರಿಯುತ್ತದೆ.) ಬಲ್ಬ್ ಚೆನ್ನಾಗಿಯೇ ಉರಿಯಿತು. ಆದರೆ ಮೀಟರ್ 193ಕ್ಕೆ ಇಳಿದಿತ್ತು. ಲೆಕ್ಕ ಹಾಕಿದರೆ ಅರ್ಥಿಂಗ್ ಸುಮಾರು 100 ಓಮ್. ನಾಳೆ ಫೇಸ್ ತಂತಿ ಡಬ್ಬಿಗೆ ತಾಗಿದರೂ ಹರಿಯುವುದು ಎರಡು-ಎರಡೂವರೆ ಆಂಪ್ ಮಾತ್ರ. ಆರು ಆಂಪಿನ ಎಂಸಿಬಿ ಬೀಳುವುದಿಲ್ಲ, ಡಬ್ಬಿ ಹೊಡೆಯುತ್ತಲೇ ಇರುತ್ತದೆ.

ಹಿತ್ತಲಿಗೆ ಹೋಗಿ ಅರ್ಥಿಂಗ್ ಗುಂಡಿಯ ಕಲ್ಲು ಸರಿಸಿದೆವು. ಎರಿ ಮಣ್ಣು ಸುಗ್ಗಿ ಮುಗಿದ ಹೊಲದಂತೆ ಬಾಯಿ ಬಿಟ್ಟಿತ್ತು. ಪೈಪ್ ನಡುವೆ ಒಂಟಿಯಾಗಿ ನಿಂತಿದೆ, ಸುತ್ತ ಬೆರಳು ಇಳಿಯುವಷ್ಟು ಸಂದು. ನಮ್ಮ ನವಲಗುಂದ, ಅಣ್ಣಿಗೇರಿ ಭಾಗದ ಮಣ್ಣಿನ ಗುಣವೇ ಅದು. ಅದರ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಶ್ರಾವಣದಲ್ಲಿ ಪೈಪನ್ನು ಅಪ್ಪಿಕೊಂಡ ಮಣ್ಣು ಚೈತ್ರದಲ್ಲಿ ಬಿಟ್ಟುಬಿಡುತ್ತದೆ. ತೇವ ಇದ್ದಾಗ ಇದರಂಥ ಒಳ್ಳೆಯ ಅರ್ಥಿಂಗ್ ಮಣ್ಣಿಲ್ಲ. ಅರ್ಥಿಂಗ್‌ಗೆಂದೇ ಇರುವ ಭಾರತೀಯ ಮಾನಕ ಐಎಸ್ 3043 ಪೈಪು ಎರಡೂವರೆ ಮೀಟರಿಗೆ ಕಡಿಮೆ ಇರಬಾರದು ಎನ್ನುತ್ತದೆ. ನಮಗಂತೂ ಅದು ಬಿರುಕಿನ ಕೆಳಗಿನ ತಂಪಿಗೆ ಮುಟ್ಟಲೇಬೇಕು.

ಸಂದಿಗೆ ಇದ್ದಿಲು, ಉಪ್ಪು, ಪುಡಿ ಮಣ್ಣು ತುಂಬಿ ನಾಲ್ಕು ಕೊಡ ನೀರು ಹಾಕಿಸಿದೆ. ಮಳೆ ಬೀಳುವವರೆಗೆ ವಾರಕ್ಕೆ ಎರಡು ಕೊಡ ಹಾಕಲು ಒಪ್ಪಿದರು. ಜೊತೆಗೆ ಕರೆಂಟ್ ಸೋರಿದರೆ ಲೈನ್ ಕಡಿಯುವ 30 ಮಿಲಿಆಂಪಿನ ಆರ್‌ಸಿಸಿಬಿ ಕೂಡಿಸಿದೆವು. ಅರ್ಥಿಂಗ್ ಮತ್ತೆ 100 ಓಮಿಗೆ ಏರಿದರೂ ಅದು ಬೀಳುತ್ತದೆ.

ಮರುದಿನ ಹೋಗಿ ಅದೇ ಬಲ್ಬ್ ಹಚ್ಚಿದೆ. ಆರ್‌ಸಿಸಿಬಿ ಟಪ್ಪನೆ ಬಿತ್ತು, ಬೀಳಬೇಕಾದದ್ದೇ. ಅದಕ್ಕೂ ಮುಂಚಿನ ಲೈನಿನಿಂದ ಹಚ್ಚಿ ನೋಡಿದಾಗ ಮೀಟರ್ 224 ತೋರಿಸಿತು.

“ಆಯಿ ಮುಂಜಾನೆ ಬಂದಿದ್ಳ್ರಿ ಸರ” ಎಂದರು ಅಂಗಡಿಯವರು. “ಈಗೇನೂ ಆಗೂದಿಲ್ಲ ಅಂತ ನಾನ ಟೇಬಲ್ ಮ್ಯಾಲ ಕೈ ಇಟ್ಟು ತೋರ್ಸಿದೆ. ಒಲ್ಲೆ ಅಂದ್ಳು. ಬೆರಳಿನ ಮಷಿನ್ ಬಾಗಲ್ದಾಗ ಆಕಿ ನಿಂತಲ್ಲೇ ಒಯ್ದು ಹಿಡದೆ. ಹೆಬ್ಬಟ್ಟು ಒತ್ತಿ ಹೋದ್ಳು.”