ಬುಲ್ಸ್‌ಗೆ ಬೇಕಿರುವುದು ಇನ್ನೊಬ್ಬ ಪವನ್ ಅಲ್ಲ

ಪ್ರೊ ಕಬಡ್ಡಿ ಲೀಗ್‌ನ 11ನೇ ಆವೃತ್ತಿಯಲ್ಲಿ ಬೆಂಗಳೂರು ಬುಲ್ಸ್ 22 ಪಂದ್ಯ ಆಡಿ ಗೆದ್ದದ್ದು ಎರಡೇ ಎರಡು. 19 ಸೋಲು, ಒಂದು ಟೈ, ಪಟ್ಟಿಯಲ್ಲಿ ಕಟ್ಟಕಡೆಯ ಸ್ಥಾನ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯವರಿಗೆ ಇದು ಸುಲಭಕ್ಕೆ ಮರೆಯುವ ಸಂಗತಿಯಲ್ಲ. ಮಳೆ ನಿಂತು ಕೊಯ್ಲು ಮುಗಿದರೆ ಸಾಕು, ಇಲ್ಲಿ ಒಂದಲ್ಲ ಒಂದು ಯುವಕ ಮಂಡಲದ ಹೊನಲು ಬೆಳಕಿನ ಪಂದ್ಯಾಟ ಇದ್ದೇ ಇರುತ್ತದೆ. ಬೆಳಗಿನ ಜಾವದ ಫೈನಲ್‌ವರೆಗೂ ಅಂಕಣದ ಸುತ್ತ ಜನ ಕದಲುವುದಿಲ್ಲ. ಅಂಥ ಜನಕ್ಕೆ ರಾಜಧಾನಿಯ ಹೆಸರು ಹೊತ್ತ ತಂಡ ಎಲ್ಲಿ ಎಡವಿತು ಎಂಬುದು ಟಿ.ವಿ. ಪರದೆಯಲ್ಲೇ ಗೊತ್ತಾಗುತ್ತದೆ.

ನನ್ನ ಪ್ರಕಾರ ಆ ಎಡವಟ್ಟಿನ ಬೇರು ಇರುವುದು ತಂಡದ ಅತ್ಯುತ್ತಮ ರಾತ್ರಿಯಲ್ಲೇ. 2019ರ ಜನವರಿ 5ರಂದು ಮುಂಬಯಿಯಲ್ಲಿ ಗುಜರಾತನ್ನು 38-33ರಿಂದ ಸೋಲಿಸಿ ಬುಲ್ಸ್ ಮೊದಲ ಪ್ರಶಸ್ತಿ ಗೆದ್ದಿತು. ಆ 38ರಲ್ಲಿ 22 ಅಂಕ ಪವನ್ ಸೆಹ್ರಾವತ್ ಒಬ್ಬನದೇ. ಅದೇ ವರ್ಷ ಹರಿಯಾಣದ ಎದುರು ಒಂದೇ ಪಂದ್ಯದಲ್ಲಿ 39 ರೈಡ್ ಅಂಕ ತಂದ. ಅಂಥವನನ್ನು ನೋಡಿ ಮೈಮರೆಯದೆ ಇರುವುದು ಹೇಗೆ? ಆದರೆ ನೋಡುವವರು ಮೈಮರೆಯಬಹುದು, ತಂಡ ಕಟ್ಟುವವರು ಮರೆಯಬಾರದು. ಒಬ್ಬ ರೈಡರ್ ಇದ್ದರೆ ಉಳಿದದ್ದು ತಾನಾಗಿ ನಡೆಯುತ್ತದೆ ಎಂಬ ನಂಬಿಕೆ ಅಲ್ಲಿಂದಲೇ ಗಟ್ಟಿಯಾಯಿತು. 2022ರ ಹರಾಜಿನಲ್ಲಿ ಪವನ್ 2.26 ಕೋಟಿಗೆ ತಮಿಳ್ ತಲೈವಾಸ್ ಪಾಲಾದ. ಆ ಜಾಗಕ್ಕೆ 1.70 ಕೋಟಿ ಕೊಟ್ಟು ವಿಕಾಸ್ ಕಂಡೋಲನನ್ನು ತಂದರು. ಆ ಸಲ ತಂಡವನ್ನು ಸೆಮಿಫೈನಲ್ ತನಕ ಎಳೆದುಕೊಂಡು ಹೋದದ್ದು ಅವನಲ್ಲ, ಬುಲ್ಸ್‌ನಲ್ಲೇ ಬೆಳೆದ ಭರತ್. ಆ ಭರತ್‌ನನ್ನೂ ಕೊನೆಗೆ ಬಿಟ್ಟುಕೊಟ್ಟು, 2024ರಲ್ಲಿ ಪ್ರದೀಪ್ ನರ್ವಾಲ್ ಮೇಲೆ ಭರವಸೆ ಇಟ್ಟರು. ಒಂದೇ ಆವೃತ್ತಿಯಲ್ಲಿ 369 ರೈಡ್ ಅಂಕ ಗಳಿಸಿದ ಪ್ರದೀಪ್ ದೊಡ್ಡ ಆಟಗಾರ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದು 2017ರ ಪ್ರದೀಪ್. ಹಳೆಯ ಸಾಧನೆಯ ಪಟ್ಟಿ ಹೊಸ ಪಂದ್ಯದಲ್ಲಿ ಅಂಕ ತಂದುಕೊಡುವುದಿಲ್ಲ.

ಮುಖ್ಯ ರೈಡರ್ ಔಟಾಗಿ ಹೊರಗೆ ಕೂತ ಹೊತ್ತಿನಲ್ಲಿ ಏನಾಗುತ್ತದೆ ನೋಡಿ. ಅವನು ಮರಳಿ ಬರಬೇಕಾದರೆ ತನ್ನವರು ಎದುರಾಳಿಯಲ್ಲಿ ಒಬ್ಬನನ್ನಾದರೂ ಔಟ್ ಮಾಡಬೇಕು. ಎರಡನೇ ರೈಡರ್‌ಗೆ ಧೈರ್ಯವಿಲ್ಲದಿದ್ದರೆ ಎರಡು ರೈಡ್ ಖಾಲಿ ಬರುತ್ತವೆ. ಮೂರನೆಯದು ಡೂ ಆರ್ ಡೈ, ಅದರಲ್ಲಿ ಅವನೂ ಹೋಗುತ್ತಾನೆ. ಇತ್ತ ಡಿಫೆನ್ಸ್‌ನಲ್ಲಿ ಉಳಿದವರು ನಾಲ್ಕೈದು ಜನ. ಅವರಲ್ಲಿ ಒಬ್ಬ ತಾಳ್ಮೆಗೆಟ್ಟು ಮುಂದೆ ನುಗ್ಗಿದರೆ ಆಲೌಟ್ ದೂರವಿಲ್ಲ, ಎದುರಾಳಿಗೆ ಮತ್ತೆರಡು ಅಂಕ. 2024ರ ಬುಲ್ಸ್ ಪಂದ್ಯಗಳಲ್ಲಿ ಈ ಸುರುಳಿ ಮತ್ತೆ ಮತ್ತೆ ಕಂಡಿತು. ಹೈದರಾಬಾದಿನಲ್ಲಿ ನಡೆದ ಮೊದಲ ಪಂದ್ಯದಲ್ಲೇ ತಂಡ 37-29ರಿಂದ ತೆಲುಗು ಟೈಟಾನ್ಸ್‌ಗೆ ಸೋತಿತು. ಆ ಟೈಟಾನ್ಸ್‌ನ ನಾಯಕ ಇದೇ ಪವನ್.

ಕಬಡ್ಡಿ ಪಂದ್ಯ ಉಳಿಯುವುದು ಕಾರ್ನರ್‌ನಲ್ಲಿ. ನಡುಗೆರೆಯಿಂದ ಬಾಕ್ ಲೈನ್‌ಗೆ 3.75 ಮೀಟರ್, ಅಲ್ಲಿಂದ ಬೋನಸ್ ಗೆರೆಗೆ ಒಂದು ಮೀಟರ್, ಅದರ ಹಿಂದೆ ಉಳಿಯುವುದು ಬರೀ 1.75 ಮೀಟರ್ ಜಾಗ. ಬೋನಸ್‌ಗೆ ಕಾಲು ಚಾಚುವ ರೈಡರ್‌ನ ಪಾದ ನೆಲಕ್ಕೆ ತಾಗುವ ಆ ಕ್ಷಣಕ್ಕೆ ಕಾದು ಕೂರುವುದೇ ಕಾರ್ನರ್‌ನ ಕೆಲಸ. ಒಂದು ಗಳಿಗೆ ಮೊದಲು ಬಿದ್ದರೆ ಕಾಲು ಜಾರಿಹೋಗುತ್ತದೆ, ತಡವಾದರೆ ರೈಡರ್ ಗೆರೆ ಮುಟ್ಟಿರುತ್ತಾನೆ. ಹಿಡಿದ ಮೇಲೂ ಪಕ್ಕದ ಕವರ್ ಬಂದು ಮೈಮೇಲೆ ಬೀಳದಿದ್ದರೆ ಆ್ಯಂಕಲ್ ಹೋಲ್ಡ್ ಒಂದರಿಂದ ಏನೂ ಆಗದು. ಇಬ್ಬರಿಗೂ ಕಣ್ಸನ್ನೆ ಬೇಡದಷ್ಟು ಹೊಂದಾಣಿಕೆ ಇರಬೇಕು. ಅದು ವರ್ಷಗಟ್ಟಲೆ ಒಟ್ಟಿಗೆ ಆಡಿದರೆ ಬರುವಂಥದ್ದು, ಹರಾಜಿನಲ್ಲಿ ಸಿಗುವಂಥದ್ದಲ್ಲ.

12ನೇ ಆವೃತ್ತಿಗೆ ಬಿ.ಸಿ. ರಮೇಶ್ ಕೋಚ್ ಆಗಿ ಬಂದಾಗ ಮೊದಲು ಸರಿಯಾದದ್ದು ಕಾರ್ನರ್‌ಗಳೇ. ಕರ್ನಾಟಕದವರೇ ಆದ, ಅರ್ಜುನ ಪ್ರಶಸ್ತಿ ಪಡೆದ ರಮೇಶ್ ಬೆಂಗಾಲ್ ವಾರಿಯರ್ಸ್‌ಗೂ ಪುಣೇರಿ ಪಲ್ಟನ್‌ಗೂ ಪ್ರಶಸ್ತಿ ತಂದುಕೊಟ್ಟವರು. ಒಂದು ಮೂಲೆಗೆ ಯೋಗೇಶ್, ಇನ್ನೊಂದಕ್ಕೆ ದೀಪಕ್ ಶಂಕರ್ ನಿಂತ ಮೇಲೆ ತಂಡಕ್ಕೆ ಬೆನ್ನೆಲುಬು ಬಂತು. ಆರಂಭದ ಸೋಲುಗಳನ್ನು ದಾಟಿ ಪ್ಲೇಆಫ್ ತಲುಪಿತು. ನಾನು ಇದನ್ನು ಮನಸಾರೆ ಮೆಚ್ಚುತ್ತೇನೆ. ಆದರೂ ಅಂಕದ ಹೊರೆಯ ದೊಡ್ಡ ಪಾಲು ಹೊತ್ತವನು ಇರಾನಿನ ಅಲಿರೆಜಾ ಮಿರ್ಜಾಯನ್. ಪ್ಲೇಆಫ್‌ನಲ್ಲಿ ಟೈಟಾನ್ಸ್‌ಗೂ ಪಟ್ನಾಕ್ಕೂ ಸೋತು ತಂಡ ಹೊರಬಿದ್ದಿತು. ಅಂದರೆ ಹೆಸರು ಬದಲಾಗಿದೆ, ಒಬ್ಬನಿಗೇ ಜೋತುಬೀಳುವ ಚಾಳಿ ಪೂರ್ತಿ ಹೋಗಿಲ್ಲ. ಮುಂದಿನ ಹರಾಜಿನಲ್ಲಿ ಮತ್ತೊಂದು ದುಬಾರಿ ರೈಡರ್‌ಗೆ ಕೈ ಎತ್ತುವ ಮೊದಲು, ಡೂ ಆರ್ ಡೈಗೆಂದೇ ತಯಾರಾದ ಎರಡನೇ, ಮೂರನೇ ರೈಡರ್‌ಗಳಿಗಾಗಿ ಹುಡುಕಬೇಕು.

ಹುಡುಕುವುದೆಲ್ಲಿ? ನಮ್ಮ ಕಡೆಯೇ ಬರಲಿ. ಮೂಡುಬಿದಿರೆಯ ಆಳ್ವಾಸ್ ಕ್ರೀಡಾ ದತ್ತು ಯೋಜನೆಯಲ್ಲಿ ಮಕ್ಕಳಿಗೆ ಊಟ, ವಸತಿ, ಓದು ಕೊಟ್ಟು ಬೆಳೆಸುತ್ತಿದೆ. ಬೆಳ್ತಂಗಡಿ ತಾಲ್ಲೂಕಿನ ಉಜಿರೆಯ ಎಸ್‌ಡಿಎಂ ಕಾಲೇಜಿನ ಅಂಕಣವೂ ಖಾಲಿ ಬಿದ್ದದ್ದಲ್ಲ. ಪುತ್ತೂರು ಕಡೆಯ ಪ್ರಶಾಂತ್ ಕುಮಾರ್ ರೈ ಅವರಿಗೆ 2018ರಲ್ಲಿ 79 ಲಕ್ಷ ಕೊಟ್ಟದ್ದು ಯು.ಪಿ. ಯೋಧಾ. ಸುಕೇಶ್ ಹೆಗ್ಡೆ ನಾಯಕರಾಗಿ ಫೈನಲ್‌ಗೆ ಕೊಂಡೊಯ್ದದ್ದು ಗುಜರಾತನ್ನು. ಕರಾವಳಿಯ ಹುಡುಗರ ಬೆಲೆ ಹೊರಗಿನವರಿಗೆ ಗೊತ್ತಾಗಿದೆ.

ನಮ್ಮ ಕಡೆಯ ಕೊರತೆಯನ್ನೂ ಹೇಳಲೇಬೇಕು. ಒಂದು ರಾತ್ರಿಯಲ್ಲಿ ಮೂರು ನಾಲ್ಕು ಪಂದ್ಯ ಆಡಿಸುವ ಪಂದ್ಯಾಟ ಗುಂಡಿಗೆಯನ್ನು ಬೆಳೆಸುತ್ತದೆ, ಮೊಣಕಾಲನ್ನು ಹಾಳು ಮಾಡುತ್ತದೆ. ಮಣ್ಣಿನ ಅಂಕಣದಲ್ಲಿ ಬರಿಗಾಲಿನಲ್ಲಿ ಕಲಿತ ಹಿಡಿತ ಮ್ಯಾಟ್ ಮೇಲೆ ಶೂ ಹಾಕಿದಾಗ ಹಾಗೇ ಕೂರುವುದಿಲ್ಲ. ಎದುರಾಳಿಯ ಕಾಲು ಅಲ್ಲಿ ಬೇಗ ತಿರುಗುತ್ತದೆ, ತಾನು ಬೀಳುವ ರೀತಿಯೂ ಬೇರೆ. ಹದಿನಾರು ಹದಿನೇಳರ ಹುಡುಗನಿಗೆ ದಿನಾ ಮ್ಯಾಟ್, ಒಬ್ಬ ಫಿಸಿಯೊ, ಆಟದ ವಿಡಿಯೊ ನೋಡಿ ತಿದ್ದುವ ಕೋಚ್ ಸಿಕ್ಕರೆ ಎರಡು ಮೂರು ವರ್ಷದಲ್ಲಿ ಅವನು ಲೀಗ್‌ಗೆ ಒದಗುತ್ತಾನೆ. ಕೋಟಿಗಟ್ಟಲೆ ಸುರಿಯುವ ತಂಡಕ್ಕೆ ಇದು ಹೆಚ್ಚಿನ ಖರ್ಚಲ್ಲ.

ಇನ್ನೊಂದು ಮಾತು. 11 ಮತ್ತು 12ನೇ ಆವೃತ್ತಿಗಳಲ್ಲಿ ಬೆಂಗಳೂರಿನಲ್ಲಿ ಒಂದು ಪಂದ್ಯವೂ ನಡೆಯಲಿಲ್ಲ. ಹೈದರಾಬಾದ್, ನೋಯ್ಡಾ, ಪುಣೆ ಆಯಿತು, ಆಮೇಲೆ ವಿಶಾಖಪಟ್ಟಣ, ಜೈಪುರ, ಚೆನ್ನೈ, ದೆಹಲಿ. ಕ್ರೀಡಾಂಗಣ ಹಂಚುವುದು ಲೀಗ್‌ನ ಕೆಲಸ ಇರಬಹುದು, ಆದರೆ ಊರಿನವರ ಎದುರು ಆಡುವ ಹಕ್ಕಿಗಾಗಿ ತಂಡ ಪಟ್ಟು ಹಿಡಿಯಬೇಕು. ಅಲ್ಲಿಯವರೆಗೆ ಮಾಡಬಹುದಾದದ್ದೂ ಇದೆ. ಹರಾಜಿಗೆ ಮೊದಲಿನ ಶಿಬಿರವನ್ನು ಮೂಡುಬಿದಿರೆಯಲ್ಲೋ ಉಜಿರೆಯಲ್ಲೋ ಇಟ್ಟು, ಕಾಲೇಜು ತಂಡಗಳ ಜೊತೆ ನಾಲ್ಕು ಅಭ್ಯಾಸ ಪಂದ್ಯ ಆಡಲಿ. ರಮೇಶ್ ಅಂಕಣದ ಪಕ್ಕ ಕುರ್ಚಿ ಹಾಕಿಕೊಂಡು ಕೂತರೆ, ಮೊದಲ ಸಂಜೆಯೇ ಇಬ್ಬರು ಕಾರ್ನರ್‌ಗಳ ಹೆಸರು ಬರೆದುಕೊಳ್ಳುತ್ತಾರೆ ಎಂಬ ನಂಬಿಕೆ ನನಗಿದೆ.