ಹಿಂದಿನ ಸ್ವರ ಯಾವುದು?

ರಿವರ್ಬ್, ಕಂಪ್ರೆಸರ್‌ನಂಥ ಆಡಿಯೊ ಎಫೆಕ್ಟ್‌ಗಳು ಹುಟ್ಟಿದ ನಾದವನ್ನು ತಿದ್ದುತ್ತವೆ. ಮಿಡಿ ಎಫೆಕ್ಟ್‌ಗಳ ಕೆಲಸ ಅದಕ್ಕೂ ಮೊದಲೇ ಮುಗಿದಿರುತ್ತದೆ. ಕೀಬೋರ್ಡಿಗೂ ಸಾಫ್ಟ್‌ವೇರ್ ವಾದ್ಯಕ್ಕೂ ನಡುವೆ ಕೂತು, ಯಾವ ಕೀ ಒತ್ತಿದರು, ಎಷ್ಟು ಜೋರಾಗಿ, ಯಾವಾಗ ಬಿಟ್ಟರು ಎಂಬ ಸಂದೇಶಗಳನ್ನಷ್ಟೇ ಅವು ಬದಲಿಸುತ್ತವೆ. 1983ರಲ್ಲಿ ಬಳಕೆಗೆ ಬಂದ ಮಿಡಿ ಒಪ್ಪಂದದಲ್ಲಿ ಸ್ವರವೆಂದರೆ 0ಯಿಂದ 127ರವರೆಗಿನ ಒಂದು ಸಂಖ್ಯೆ; ಸಂಖ್ಯೆಯನ್ನು ಕೂಡಿ ಕಳೆದು ಆಟವಾಡಿಸುವುದು ಕಂಪ್ಯೂಟರಿಗೆ ನೀರು ಕುಡಿದಷ್ಟು ಸುಲಭ. ಸಂಗೀತ ತಯಾರಿಸುವ ಸಾಫ್ಟ್‌ವೇರ್ ಏಬಲ್ಟನ್ ಲೈವ್ 2004ರ ನಾಲ್ಕನೇ ಆವೃತ್ತಿಯಲ್ಲಿ ಮಿಡಿಗೆ ಬಾಗಿಲು ತೆರೆಯಿತು, 2013ರ ಲಾಜಿಕ್ ಪ್ರೊ ಎಕ್ಸ್ ಕೂಡ ಮಿಡಿ ಎಫೆಕ್ಟ್‌ಗಳ ಒಂದು ಸಾಲನ್ನೇ ತಂದಿತು. ಇಂದು ಸ್ಟುಡಿಯೋಗಳಲ್ಲೂ ಮನೆಯ ಮೂಲೆಯ ಲ್ಯಾಪ್‌ಟಾಪ್‌ಗಳಲ್ಲೂ ಇವು ಸದ್ದಿಲ್ಲದೆ ಕೆಲಸ ಮಾಡುತ್ತಿರುತ್ತವೆ. ಇವನ್ನು ಸಾಮಾನ್ಯವಾಗಿ ಅಳೆಯುವುದು ಎಷ್ಟು ಬೇಗ ಕೆಲಸವಾಗುತ್ತದೆ, ಎಷ್ಟು ಬಗೆಯ ಪ್ರೀಸೆಟ್‌ಗಳಿವೆ ಎಂಬ ಲೆಕ್ಕದಲ್ಲಿ. ನನ್ನ ಅಳತೆಗೋಲು ಬೇರೆ: ಸ್ವರವೊಂದು ಒಳಗೆ ಬಂದಾಗ, ಅದಕ್ಕೆ ಮುಂಚೆ ಏನಾಗಿತ್ತು ಎಂಬ ನೆನಪು ಈ ಎಫೆಕ್ಟಿಗೆ ಇದೆಯೇ? ನೆನಪಿರುವವು ವಾದ್ಯದ ಹತ್ತಿರ ಬರುತ್ತವೆ. ಇಲ್ಲದವು ಗುಮಾಸ್ತನ ಕೆಲಸಕ್ಕೆ ಮಾತ್ರ ಲಾಯಕ್ಕು.

ಆರ್ಪೆಜಿಯೇಟರನ್ನೇ ನೋಡಿ. ಹಿಡಿದ ಕೀಗಳನ್ನು ಒಂದಾದ ಮೇಲೊಂದರಂತೆ ಲಯಕ್ಕೆ ಕಟ್ಟಿ ನುಡಿಸುವ ಈ ಸಾಧನ ಮಿಡಿಗಿಂತ ಹಳೆಯದು. 1978ರ ರೋಲೆಂಡ್ ಜುಪಿಟರ್-4 ಸಿಂಥಸೈಜರಿನಲ್ಲೇ ಇತ್ತು. ಲೈವ್‌ನ ಆರ್ಪೆಜಿಯೇಟರಿನಲ್ಲಿ ಕೀಗಳನ್ನು ಒತ್ತಿದ ಕ್ರಮದಲ್ಲೇ ನುಡಿಸುವ ಒಂದು ಶೈಲಿಯಿದೆ. ಅಂದರೆ ಯಾವ ಬೆರಳು ಮೊದಲು ಇಳಿಯಿತು, ಯಾವುದು ಇನ್ನೂ ಕೆಳಗಿದೆ, ತಾಳ ಈಗ ಎಲ್ಲಿದೆ ಎಂಬ ಮೂರೂ ಸಂಗತಿಗಳನ್ನು ಅದು ಇಟ್ಟುಕೊಂಡಿರುತ್ತದೆ. ನುಡಿಸುವವರು ಒಂದು ಬೆರಳು ಸರಿಸಿದರೆ ಸಾಕು, ಸಾಲು ಬೇರೆಯಾಗುತ್ತದೆ. ಕಿವಿ ಅದನ್ನು ಕೇಳಿ ಮುಂದಿನ ಬೆರಳನ್ನು ಬೇರೆ ಕಡೆ ಇಡುತ್ತದೆ. ಇದು ಮಾತುಕತೆ. ಡ್ಯುರಾನ್ ಡ್ಯುರಾನ್ ತಂಡದ 1982ರ ‘ರಿಯೊ’ ಹಾಡಿನಲ್ಲಿ ಮಿನುಗುವ ಸ್ವರಗಳ ಸಾಲು ಜುಪಿಟರ್-4ರ ಆರ್ಪೆಜಿಯೇಟರನ್ನು ರ‍್ಯಾಂಡಮ್‌ಗೆ ಇಟ್ಟಾಗ ಬಂದದ್ದು. ಅಲ್ಲಿ ದಾಳ ಉರುಳುತ್ತಿತ್ತು ನಿಜ, ಆದರೆ ಆ ಹೊತ್ತಿಗೆ ಬೆರಳುಗಳು ಹಿಡಿದಿದ್ದ ಸ್ವರಗಳ ಒಳಗಷ್ಟೇ. ಲೈವ್‌ನಲ್ಲಿ ಅಷ್ಟಾಗಿ ಯಾರ ಕಣ್ಣಿಗೂ ಬೀಳದ ನೋಟ್ ಲೆಂಗ್ತ್ ಎಫೆಕ್ಟ್ ಕೂಡ ಇದೇ ಜಾತಿಯದು. ಕೀ ಬಿಟ್ಟಾಗ ಸ್ವರ ಹುಟ್ಟುವಂತೆ ಅದನ್ನು ಹೊಂದಿಸಿದರೆ, ಕೀಯನ್ನು ಎಷ್ಟು ಹೊತ್ತು ಹಿಡಿದಿರಿ ಎಂಬುದರ ಮೇಲೆ ಹೊರಬರುವ ಸ್ವರದ ಜೋರು ನಿರ್ಧಾರವಾಗುತ್ತದೆ. ಪಿಯಾನೊ ಕಲಿತ ಕೈಗೆ ಇದು ಹೊಸ ಅಭ್ಯಾಸ, ಕಲಿಯಲು ಯೋಗ್ಯವಾದದ್ದು.

ಈಗ ಇದರ ಎದುರು ಸ್ಕೇಲ್ ಎಫೆಕ್ಟನ್ನು ಇಡೋಣ. ಲೈವ್‌ನಲ್ಲಿ ಇದೊಂದು ಚೌಕುಳಿ ಪಟ್ಟಿ: ಒಳಬರುವ ಪ್ರತಿ ಸ್ವರಕ್ಕೂ ಹೊರಹೋಗುವ ಸ್ವರ ಯಾವುದೆಂದು ಗುರುತು ಹಾಕಿಟ್ಟರಾಯಿತು, ಯಾವ ಕೀ ಒತ್ತಿದರೂ ಆಯ್ದ ಸ್ವರಗಳೇ ಬರುತ್ತವೆ. ತಪ್ಪು ಸ್ವರ ಅಸಾಧ್ಯ ಎಂಬುದು ಇದರ ಆಕರ್ಷಣೆ. ಆ ಭರವಸೆ ಅದರದೇ ಲೆಕ್ಕದಲ್ಲಿ ಮುರಿದು ಬೀಳುತ್ತದೆ. 60ನ್ನು ಷಡ್ಜ ಮಾಡಿಕೊಂಡರೆ 64 ಅಂತರ ಗಾಂಧಾರ, 65 ಶುದ್ಧ ಮಧ್ಯಮ. ನುಡಿಸುವವರು 64ನ್ನು ಒತ್ತಿ, ಪಿಚ್ ಬೆಂಡ್ ಚಕ್ರವನ್ನು ಅರ್ಧ ಸ್ವರದಷ್ಟು ತಳ್ಳಿ, ಗಾಂಧಾರದಿಂದ ಮಧ್ಯಮಕ್ಕೆ ಜಾರುತ್ತಾರೆ ಎನ್ನಿ. ಅದೇ ಟ್ರ್ಯಾಕಿಗೆ ಖರಹರಪ್ರಿಯದ ಸ್ವರಗಳನ್ನು ತುಂಬಿದ ಸ್ಕೇಲ್ ಎಫೆಕ್ಟ್ ಹಾಕಿದರೆ 64 ಹೋಗಿ 63 ಆಗುತ್ತದೆ, ಅಂದರೆ ಸಾಧಾರಣ ಗಾಂಧಾರ. ಆದರೆ ಬೆಂಡ್ ಸಂದೇಶ ಬೇರೆ ಜಾತಿಯದಾದ್ದರಿಂದ ಎಫೆಕ್ಟ್ ಅದನ್ನು ಮುಟ್ಟದೆ ಹಾಗೇ ಮುಂದಕ್ಕೆ ಕಳಿಸುತ್ತದೆ. ಜಾರು 63ರಿಂದ ಹೊರಟು ಮತ್ತದೇ ಅರ್ಧ ಸ್ವರ ಏರಿ 64ರಲ್ಲಿ ನಿಲ್ಲುತ್ತದೆ. ಯಾವ ಅಂತರ ಗಾಂಧಾರವನ್ನು ಹೊರಗಿಡುತ್ತೇನೆಂದು ಅದು ಮಾತು ಕೊಟ್ಟಿತ್ತೋ ಅದೇ ಈಗ ಕೇಳಿಸುತ್ತಿದೆ! ನಿಂತ ಸ್ವರಗಳನ್ನು ಕಾಯುವ ಪಟ್ಟಿಗೆ ನಡೆಯುವ ಸ್ವರ ಕಾಣುವುದೇ ಇಲ್ಲ. ಗಮಕವಿಲ್ಲದ ಪಾಪ್ ಸಂಗೀತದಲ್ಲಿ ಈ ಕೊರತೆ ಮುಚ್ಚಿಹೋಗಬಹುದು. ಕೊಳಲೋ ವೀಣೆಯೋ ಎಂದು ಸಿನಿಮಾ ಹಾಡಿಗೆ ಕೀಬೋರ್ಡಿನಲ್ಲಿ ನುಡಿಸುವವರಿಗೆ ಮುಚ್ಚಿಹೋಗದು.

ಬೆಂಡನ್ನು ಮರೆತು ಬರೀ ಸ್ವರಗಳನ್ನು ನೋಡಿದರೂ ತೊಡಕು ತಪ್ಪದು. ಶ್ರೀರಾಗದ ಆರೋಹಣದಲ್ಲಿ ಗಾಂಧಾರವಿಲ್ಲ, ಅವರೋಹಣದಲ್ಲಿ ಅದು ವಕ್ರವಾಗಿ ಬರುತ್ತದೆ. ಗಾಂಧಾರವನ್ನು ಬಿಡಬೇಕೋ ತಡೆಯಬೇಕೋ ಎಂದು ಹೇಳಲು ಹಿಂದಿನ ಸ್ವರ ಯಾವುದೆಂದು ಗೊತ್ತಿರಬೇಕು, ಪಟ್ಟಿಗೆ ಅದು ಗೊತ್ತಿಲ್ಲ. ಹಿಂದೂಸ್ತಾನಿಯ ಭೂಪಾಲಿಗೂ ದೇಶಕಾರಕ್ಕೂ ಅವೇ ಐದು ಸ್ವರಗಳು. ಒಂದರಲ್ಲಿ ಗಾಂಧಾರ ವಾದಿ (ಪ್ರಧಾನ ಸ್ವರ), ಇನ್ನೊಂದರಲ್ಲಿ ಧೈವತ. ಧಾರವಾಡದ ಕಡೆ ಸಾಮಾನ್ಯ ಕೇಳುಗರೂ ಎರಡು ನಿಮಿಷದಲ್ಲಿ ಬೇರೆ ಮಾಡುವ ಈ ರಾಗಗಳು ಸ್ಕೇಲ್ ಎಫೆಕ್ಟಿನಲ್ಲಿ ಒಂದೇ ಪ್ರೀಸೆಟ್. ಒಂದು ಸ್ವರಕ್ಕೆ ಇನ್ನಷ್ಟು ಸ್ವರಗಳನ್ನು ಜೋಡಿಸುವ ಕಾರ್ಡ್ ಎಫೆಕ್ಟಿನದೂ ಇದೇ ಕಥೆ. ಹಿಂದಿನ ಕಾರ್ಡ್ ಯಾವುದಿತ್ತೆಂದು ತಿಳಿಯದ್ದರಿಂದ ಒಂದೇ ಆಕಾರವನ್ನು ಮೇಲೆ ಕೆಳಗೆ ಎಳೆದಾಡುತ್ತದೆ, ಒಳಗಿನ ಸ್ವರಗಳು ಹತ್ತಿರದ ದಾರಿ ಹಿಡಿದು ಸಾಗುವುದೇ ಇಲ್ಲ. ತಾಳವಾದ್ಯಕ್ಕೆ ಜೀವ ತುಂಬಲೆಂದು ವೆಲಾಸಿಟಿಯನ್ನು, ಅಂದರೆ ಪೆಟ್ಟಿನ ಜೋರನ್ನು, ರ‍್ಯಾಂಡಮ್ ಮಾಡುವ ರೂಢಿ ಇನ್ನೂ ಬಡಕಲು. ಮೃದಂಗದ ಪೆಟ್ಟುಗಳು ಏರುಪೇರಾಗುವುದು ಸೊಲ್ಲಿನ ಓಟದಿಂದ, ಮುಂದೆ ಬರಲಿರುವ ಮುಕ್ತಾಯದಿಂದ. ಪ್ರತಿ ಪೆಟ್ಟಿಗೂ ಹೊಸದಾಗಿ ದಾಳ ಹಾಕಿದರೆ ಸಿಗುವುದು ಗೊಂದಲ ಮಾತ್ರ.

ಇದಕ್ಕೆ ಬರುವ ಗಟ್ಟಿ ಆಕ್ಷೇಪವೊಂದಿದೆ. 72 ಮೇಳಕರ್ತ ಕೂಡ ಪಟ್ಟಿಯೇ ತಾನೆ? 17ನೇ ಶತಮಾನದ ವೆಂಕಟಮಖಿ ಸ್ವರಗಳನ್ನು ಗಣಿತದಲ್ಲಿ ಹೊಂದಿಸಿದ್ದು ಶಾಸ್ತ್ರವಾದರೆ, ಸಾಫ್ಟ್‌ವೇರ್ ಮಾಡಿದ್ದು ಹೇಗೆ ದೋಷ? ಪಟ್ಟಿಯ ಮೇಲೆ ನನಗೆ ಜಗಳವಿಲ್ಲ. ಮೇಳ ರಾಗಗಳನ್ನು ವಿಂಗಡಿಸುವ ವ್ಯವಸ್ಥೆ. ಶ್ರೀರಾಗವನ್ನು ಖರಹರಪ್ರಿಯದ ಜನ್ಯ ಎಂದು ಕರೆದಾಗ ಅದರ ನಡೆಯ ಬಗ್ಗೆ ಹೇಳಬೇಕಾದದ್ದೆಲ್ಲ ಇನ್ನೂ ಬಾಕಿಯಿರುತ್ತದೆ, ಅದು ಎಲ್ಲರಿಗೂ ಗೊತ್ತಿರುತ್ತದೆ. ಸ್ಕೇಲ್ ಎಫೆಕ್ಟ್ ಆ ವಿಂಗಡಣೆಯನ್ನೇ ಕಾವಲಿಗೆ ನಿಲ್ಲಿಸುತ್ತದೆ. ಕಲಿಯುವವರಿಗೆ ಆಸರೆಯಾಗಲಿ ಎಂಬ ವಾದವನ್ನು ಅರ್ಧ ಒಪ್ಪುತ್ತೇನೆ. ಹತ್ತು ವರ್ಷದ ಮಗು ಕೀಬೋರ್ಡಿನ ಮುಂದೆ ಹೆದರದೆ ಕೂರುವುದಾದರೆ ಒಳ್ಳೆಯದೇ. ಆದರೆ ಕೀ ಒಂದು, ಕೇಳುವ ಸ್ವರ ಇನ್ನೊಂದು ಆದಾಗ ಬೆರಳಿಗೂ ಕಿವಿಗೂ ನಂಟು ಬೆಳೆಯುವುದಿಲ್ಲ, ಎಫೆಕ್ಟ್ ತೆಗೆದ ದಿನ ಕೈ ಮೊದಲಿನಷ್ಟೇ ಕುರುಡು.

ನೆನಪನ್ನು ನಾವೇ ತುಂಬಬಹುದಲ್ಲ ಎಂಬುದು ಇನ್ನೊಂದು ಮಾತು, ಅದರಲ್ಲಿ ಹುರುಳಿದೆ. ಲಾಜಿಕ್‌ನ ಸ್ಕ್ರಿಪ್ಟರ್‌ನಲ್ಲಿ ಜಾವಾಸ್ಕ್ರಿಪ್ಟ್ ಬರೆದು ಹಿಂದಿನ ಸ್ವರವನ್ನು ಇಟ್ಟುಕೊಂಡು, ಏರುವಾಗ ಒಂದು ನಿಯಮ, ಇಳಿಯುವಾಗ ಇನ್ನೊಂದು ಎಂದು ಕೆಲವೇ ಸಾಲುಗಳಲ್ಲಿ ಹೇಳಬಹುದು. ನಾನು ಹೊಗಳುವ ಮಿಡಿ ಎಫೆಕ್ಟ್ ಯಾವುದಾದರೂ ಇದ್ದರೆ ಈ ಖಾಲಿ ಪುಟವೇ. ಆದರೂ ನುಡಿಸುತ್ತಿರುವಾಗಲೇ ಕೆಲಸ ಮಾಡಬೇಕಾದ ಎಫೆಕ್ಟಿಗೆ ಹಿಂದಿನದು ಮಾತ್ರ ಸಿಗುತ್ತದೆ. ಗಮಕಕ್ಕೆ ಮುಂದಿನ ಸ್ವರವೂ ಬೇಕು. 2024ರ ಲೈವ್ 12 ಇಲ್ಲಿ ಬೇರೆ ದಾರಿ ಹಿಡಿದಿದೆ. ಅದರ ಮಿಡಿ ಟ್ರಾನ್ಸ್‌ಫಾರ್ಮೇಶನ್‌ಗಳು ಬರೆದಿಟ್ಟ ಸ್ವರಗಳ ಮೇಲೆಯೇ ಕೆಲಸ ಮಾಡುತ್ತವೆ. ಕನೆಕ್ಟ್ ಎಂಬುದು ಎರಡು ಸ್ವರಗಳ ನಡುವಿನ ಜಾಗವನ್ನು ತುಂಬುವಾಗ ಅತ್ತಿತ್ತ ಎರಡೂ ಕಡೆ ನೋಡುತ್ತದೆ, ಫಲಿತಾಂಶ ಪರದೆಯ ಮೇಲೆ ಸ್ವರಗಳಾಗಿಯೇ ಉಳಿಯುತ್ತದೆ, ಒಪ್ಪದಿದ್ದರೆ ಒಂದೊಂದಾಗಿ ತಿದ್ದಬಹುದು. 2020ರ ಮಿಡಿ 2.0 ಪ್ರತಿ ಸ್ವರಕ್ಕೂ ಅದರದೇ ಬೆಂಡ್ ಕೊಟ್ಟು ಹಳೆಯ ತೊಡಕೊಂದನ್ನು ಬಿಡಿಸಿದೆ ನಿಜ. ಹಾಗೆಂದು ಸ್ಕೇಲ್ ಎಫೆಕ್ಟ್ 64ನ್ನು 63 ಮಾಡಿ ಬೆಂಡನ್ನು ಹಾಗೇ ಬಿಡುವುದು ಒಪ್ಪಂದದ ತಪ್ಪಲ್ಲ. ಸ್ವರ ಬದಲಾದಾಗ ಅದರ ಜೊತೆಗಿನ ಜಾರನ್ನೂ ಹೊಸ ದೂರಕ್ಕೆ ಹಿಗ್ಗಿಸುವ ಒಂದು ಗುಂಡಿಯನ್ನು ಹಳೆಯ ಮಿಡಿಯಲ್ಲೇ ಇಡಬಹುದಿತ್ತು.