ಎಚ್ಚರಿಕೆಯ ಗಂಟೆ ಮತ್ತು ಅವಧಾನ: ಒಂದು ವಿಮರ್ಶೆ

ಬೀದರಿನ ಗಾಂಧಿ ಗಂಜದ ಪೇಟೆಯನ್ನು ಬಿಟ್ಟು ಹಳೆಯ ಊರನ್ನು ಹೊಕ್ಕರೆ, ನಾಲ್ಕು ದಾರಿಗಳು ಕೂಡುವಲ್ಲಿ ಚೌಬಾರವೆಂಬ ದುಂಡು ಗೋಪುರವಿದೆ. ಸುಮಾರು 71 ಅಡಿ ಎತ್ತರದ ಇದನ್ನು ಕಾವಲಿಗಾಗಿ ಬಳಸುತ್ತಿದ್ದರೆಂದು ಇತಿಹಾಸಜ್ಞರ ಮತ. ಅಲ್ಲಿನ ಕಾವಲುಗಾರನು ಧೂಳೆದ್ದಾಗಲೆಲ್ಲ ನಗಾರಿ ಬಾರಿಸುವವನಾಗಿದ್ದರೆ, ಶತ್ರು ಬಂದ ದಿನ ಊರು ಏಳುತ್ತಿರಲಿಲ್ಲ. ಇಂದಿನ ಕಾರ್ಖಾನೆಗಳ ನಿಯಂತ್ರಣ ಕೊಠಡಿಗಳಲ್ಲಿ ಆಗಾಗ ಕಾಣುವ ದೋಷವೂ ಇದೇ.

1994ರ ಜುಲೈ 24ರಂದು ವೇಲ್ಸಿನ ಮಿಲ್ಫರ್ಡ್ ಹೇವನ್ನಿನ ತೈಲ ಶುದ್ಧೀಕರಣಾಗಾರದಲ್ಲಿ ಸ್ಫೋಟವಾಗಿ 26 ಜನ ಗಾಯಗೊಂಡರು. ಅದಕ್ಕೆ ಮುಂಚಿನ 11 ನಿಮಿಷಗಳಲ್ಲಿ ಇಬ್ಬರು ಆಪರೇಟರರ ಮುಂದೆ 275 ಎಚ್ಚರಿಕೆಗಳು ಬಂದಿದ್ದವು. ಎಂದರೆ ಎರಡು ಮೂರು ಸೆಕೆಂಡಿಗೆ ಒಂದು. ಮುಚ್ಚಿದ್ದ ಕವಾಟವೊಂದನ್ನು ಯಂತ್ರವು ತೆರೆದಿದೆಯೆಂದೇ ತೋರಿಸುತ್ತಿತ್ತು. ಗಂಟೆಗಳಿಗೆ ಬರವಿರಲಿಲ್ಲ, ಅರ್ಥಕ್ಕೆ ಬರವಿತ್ತು.

ಇಂಥ ಅನರ್ಥಗಳ ತರುವಾಯ ಬ್ರಿಟನ್ನಿನ ಇ.ಇ.ಎಂ.ಯು.ಎ. ಸಂಸ್ಥೆಯು 1999ರಲ್ಲಿ ತನ್ನ 191ನೆಯ ಕೈಪಿಡಿಯನ್ನು ಪ್ರಕಟಿಸಿತು. ಕೆಲಸ ಸುಗಮವಾಗಿರುವಾಗ ಸರಾಸರಿ 10 ನಿಮಿಷಕ್ಕೆ ಒಂದಕ್ಕಿಂತ ಹೆಚ್ಚು ಎಚ್ಚರಿಕೆ ಬರಬಾರದು. ದೊಡ್ಡ ಏರುಪೇರಾದಾಗ ಮೊದಲ 10 ನಿಮಿಷಗಳಲ್ಲಿ ಹತ್ತನ್ನು ಮೀರಬಾರದು ಎಂಬುದು ಅದರ ಸೂಚನೆ. ಮನುಷ್ಯನ ಅವಧಾನಕ್ಕೆ ಮಿತಿಯುಂಟೆಂದು ಇಂಜಿನಿಯರರಿಗೆ ಅಂಕಿಗಳಲ್ಲಿ ತಿಳಿಸಿದ್ದು ಈ ಗ್ರಂಥದ ಹಿರಿಮೆ.

ಆದರೆ ಅದನ್ನು ಬಳಸುವವರು ಮೊದಲನೆಯ ಅಂಕಿಯನ್ನೇ ಪ್ರಮಾಣವೆಂದು ಹಿಡಿದರೆ ಮೋಸಹೋಗುವುದು ನಿಶ್ಚಯ. ಹತ್ತು ನಿಮಿಷಕ್ಕೊಂದರಂತೆ ದಿನಕ್ಕೆ 144 ಆಯಿತು. ದಿನವೆಲ್ಲ ಮೌನವಾಗಿದ್ದು ಅರ್ಧ ತಾಸಿನಲ್ಲಿ 140 ಗಂಟೆಗಳು ಬಾರಿಸಿದರೂ ಸರಾಸರಿ ನಿರ್ದೋಷವೇ! ಮೇಲಾಗಿ, ಬೇಕಾದ ಗಂಟೆಗಳ ಬಾಯಿ ಮುಚ್ಚಿಸಿಯೂ ಲೆಕ್ಕವನ್ನು ಸರಿಪಡಿಸಬಹುದು.

ಆದಕಾರಣ ಎಣಿಕೆಗಿಂತ ಅರ್ಥವೇ ಮುಖ್ಯವೆಂದು ನಾವು ಭಾವಿಸುತ್ತೇವೆ. ಪ್ರತಿಯೊಂದು ಗಂಟೆಯನ್ನು ಅಳವಡಿಸುವ ಮೊದಲು ಮೂರು ಪ್ರಶ್ನೆಗಳಿಗೆ ಉತ್ತರ ಬರೆದಿಡಬೇಕು: ಏನು ಕೆಟ್ಟಿದೆ? ಆಪರೇಟರನು ಏನು ಮಾಡಬೇಕು? ಅದಕ್ಕೆ ಎಷ್ಟು ಸಮಯವಿದೆ? ಮಾಡಬೇಕಾದುದೇನೂ ಇಲ್ಲವಾದರೆ ಅದು ಎಚ್ಚರಿಕೆಯಲ್ಲ, ಬರಿಯ ವರದಿ. ಅದರ ಸ್ಥಾನ ದಾಖಲೆಯ ಪುಸ್ತಕದಲ್ಲಿ. ಒಂದೇ ಕಾರಣದಿಂದ ಹುಟ್ಟುವ ಹತ್ತು ಗಂಟೆಗಳಲ್ಲಿ ಮೂಲದ್ದು ಮುಂದೆ ನಿಲ್ಲಬೇಕು.

ಅಪಘಾತವಾದೊಡನೆ 'ಆಪರೇಟರನು ಗಮನಿಸಲಿಲ್ಲ' ಎನ್ನುವುದು ಸುಲಭ. ಗಮನಿಸಲು ಶಕ್ಯವಿತ್ತೇ ಎಂದು ಮೊದಲು ಕೇಳುವುದು ನ್ಯಾಯ. ಬೀದರಿನ ಕೊಳಾರ ಕೈಗಾರಿಕಾ ಪ್ರದೇಶದಲ್ಲಿಯೂ ರಾಸಾಯನಿಕ ಕಾರ್ಖಾನೆಗಳಿವೆ. ನಮ್ಮ ವಿದ್ಯಾರ್ಥಿಗಳಲ್ಲಿ ಕೆಲವರು ನಾಳೆ ಅಂಥ ಕಡೆ ಗಂಟೆಗಳನ್ನು ಅಳವಡಿಸುವರು, ಕೆಲವರು ರಾತ್ರಿ ಪಾಳಿಯಲ್ಲಿ ಅವನ್ನು ಕೇಳುತ್ತ ಕೂಡುವರು. ಮೊದಲಿನವರು ಎರಡನೆಯವರನ್ನು ನೆನೆದು ಕೆಲಸ ಮಾಡಲೆಂಬುದೇ ನಮ್ಮ ಆಶಯ.